ಸಂಪಾದಕರ ಉತ್ತರ: ಕೊಳೆ ಬರುವ ಮುಂಚೆ

ತೀರ್ಥಹಳ್ಳಿ ತಾಲೂಕಿನ ಓದುಗರೊಬ್ಬರ ಪತ್ರದಿಂದ: "ಅಡಿಕೆ ತೋಟಕ್ಕೆ ಎಲೆಚುಕ್ಕಿ ರೋಗ ಬಂದು ಮೂರು ವರ್ಷ. ಅಪ್ಪನಿಗೆ ಹುಷಾರಿಲ್ಲ. ಊರಿನ ಶಾಲೆ ಮುಚ್ಚದಂತೆ ಓಡಾಡುವ ಸಮಿತಿಗೂ ನಾನೇ ಕಾರ್ಯದರ್ಶಿ. ಯಾವುದೂ ಸರಿಹೋಗುವುದಿಲ್ಲ ಅನಿಸಿಬಿಟ್ಟಿದೆ. ರಾತ್ರಿ ಎರಡರವರೆಗೆ ಮೊಬೈಲ್ ನೋಡುತ್ತೇನೆ. ಬೆಳಿಗ್ಗೆ ತೋಟಕ್ಕೆ ಇಳಿಯಲು ಕಾಲೇ ಬರುವುದಿಲ್ಲ. ಆಶಾವಾದಿ ಆಗುವುದು ಹೇಗೆ?"

ನಮಸ್ಕಾರ.

ಆಶಾವಾದಿ ಆಗಿ ಎಂದು ನಾನು ಹೇಳುವುದಿಲ್ಲ. ಎಲೆಚುಕ್ಕಿ ಬಂದ ತೋಟ ನೋಡಿ ನಗುತ್ತಾ ನಿಂತರೆ ಪಕ್ಕದ ಮನೆಯವರು ಗಾಬರಿಯಾಗುತ್ತಾರೆ, ಅಷ್ಟೇ. ಆದರೆ ಪತ್ರವನ್ನು ಎರಡು ಸಲ ಓದಿದ ಮೇಲೆ ನನಗೆ ಕಂಡಿದ್ದು ನಿರಾಶೆಗಿಂತ ಜಾಸ್ತಿ ದಣಿವು. ಎರಡೂ ಒಂದೇ ಥರ ಮಾತಾಡುತ್ತವೆ. ರಾತ್ರಿ ಎರಡು ಗಂಟೆಗೆ 'ಇನ್ನೇನೂ ಆಗಲ್ಲ' ಎನ್ನುವುದು ತೋಟವೋ, ನಿದ್ದೆಗೆಟ್ಟ ತಲೆಯೋ?

ಇದಕ್ಕೆ ಬರ್ನ್‌ಔಟ್ ಅನ್ನುತ್ತಾರೆ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದಕ್ಕೆ ಮೂರು ಗುರುತು ಹೇಳಿತು: ತ್ರಾಣ ಇಲ್ಲದಿರುವುದು, ಮಾಡುವ ಕೆಲಸದ ಮೇಲೇ ಬೇಸರ, ಮಾಡಿದ್ದು ಯಾವುದಕ್ಕೂ ಬರುವುದಿಲ್ಲ ಎಂಬ ಭಾವನೆ. ಕಾಯಿಲೆ ಎಂದು ಕರೆದಿಲ್ಲ. ಕೆಲಸದ ಒತ್ತಡ ಬಹಳ ಕಾಲ ಇಳಿಯದಿದ್ದರೆ ಹೀಗಾಗುತ್ತದೆ ಎಂದಿತು. ಸೋಮಾರಿತನ ಅಂತೂ ಅಲ್ಲ.

ನನಗೂ ಒಮ್ಮೆ ಹೀಗಾಗಿತ್ತು. ಒಂದು ಮಳೆಗಾಲ ಪೂರ್ತಿ ಓದುಗರ ಪತ್ರ ಕಂಡರೆ ಸಿಡುಕುತ್ತಿದ್ದೆ. (ಆಗ ಬರೆದವರು ಕ್ಷಮಿಸಬೇಕು.) ಪತ್ರಿಕೆ ನಿಂತೇಹೋಗುತ್ತದೆ ಎಂದು ಸಿಕ್ಕವರಿಗೆಲ್ಲ ಹೇಳಿದೆ. ಕೊನೆಗೆ ಅಕ್ಕನ ಮನೆಗೆ ಹೋಗಿ ಹತ್ತು ದಿನ ಸುಮ್ನೆ ಮಲಗಿದೆ. ವಾಪಸು ಬಂದಾಗ ಪತ್ರಿಕೆಯ ಸಾಲ ಹಾಗೇ ಇತ್ತು. ಆದರೆ ಮೊದಲು ಯಾವುದು ಮಾಡಬೇಕು ಅನ್ನುವುದು ಕಂಡಿತು.

ನೀವು ಅಡಿಕೆಯವರು, ಕಾಯಿ ಕೊಳೆತು ಉದುರುವ ಕೊಳೆರೋಗ ಬಾರದಂತೆ ಬೋರ್ಡೋ ದ್ರಾವಣ ಹೊಡೆಯುವ ಹೊತ್ತು ನಿಮಗೆ ಗೊತ್ತಲ್ವಾ? 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ಮಳೆ ಹಿಡಿಯುವ ಮುಂಚೆ ಅಡಿಕೆ ಗೊನೆಗೆ ತಾಗಬೇಕು, ನಲವತ್ತು ದಿನ ಬಿಟ್ಟು ಮತ್ತೊಮ್ಮೆ. ಕೊಳೆತು ಉದುರಿದ ಕಾಯಿಗೆ ಹೊಡೆದು ಏನು ಬಂತು? ನಿದ್ದೆ, ಬಿಡುವು ಎಲ್ಲ ಅದೇ ಲೆಕ್ಕ. ನಾನು ಕಾಯಿ ಉದುರಿದ ಮೇಲೆ ಅಕ್ಕನ ಮನೆಗೆ ಹೋದವನು.

ಉಣುಗು ಎಂಬ ರಕ್ತ ಹೀರುವ ಹುಳು ಕಚ್ಚಿ ಬರುವ ಜ್ವರ ಮಂಗನ ಕಾಯಿಲೆ. ಅದು ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾಗಿದ್ದು 1957ರಲ್ಲಿ. ಇನ್ನೂ ಹೋಗಿಲ್ಲ. ಆದರೂ ನಮ್ಮವರು ಕಾಡಿನಿಂದ ದರಗು (ಒಣಗಿದ ಎಲೆ) ತರುವುದು ಬಿಟ್ಟಿಲ್ಲ. ಉಣುಗು ಹತ್ತದಂತೆ ಡೆಪಾ ಎಣ್ಣೆ ಹಚ್ಚಿಕೊಂಡು ಹೋಗುತ್ತಾರೆ. ಬಂದು ಬಿಸಿನೀರು ಮಿಂದು, ಮೈಮೇಲೆ ಉಣುಗು ಇದೆಯಾ ಎಂದು ನೋಡಿಕೊಳ್ಳುತ್ತಾರೆ. ಮಂಗ ಸತ್ತದ್ದು ಕಂಡರೆ ಆರೋಗ್ಯ ಇಲಾಖೆಗೆ ತಿಳಿಸುತ್ತಾರೆ. ಇವರು ಆಶಾವಾದಿಗಳೋ ಅಲ್ಲವೋ, ಯಾರೂ ಕೇಳಿಲ್ಲ.

ಈಗ ನಿಮ್ಮ ವಿಷಯ. ಕಾರ್ಯದರ್ಶಿ ಕೆಲಸವನ್ನು ಆರು ತಿಂಗಳು ಇನ್ನೊಬ್ಬರಿಗೆ ಬಿಡಿ. ತೋಟದ ಕೆಲಸಕ್ಕೆ ಮುಯ್ಯಾಳು ಇದೆ (ಇವತ್ತು ನಾನು ನಿಮ್ಮಲ್ಲಿಗೆ, ನಾಳೆ ನೀವು ನಮ್ಮಲ್ಲಿಗೆ), ಊರಿನ ಕೆಲಸಕ್ಕೆ ಯಾಕಿಲ್ಲ? ರಾತ್ರಿ ಮೊಬೈಲು ಜಗಲಿಯಲ್ಲಿರಲಿ. ಎರಡು ವಾರ ಕಳೆದರೂ ನಿದ್ದೆ ಸರಿಹೋಗದಿದ್ದರೆ 14416ಕ್ಕೆ ಫೋನ್ ಮಾಡಿ. ಬದುಕೇ ಬೇಡ ಅನಿಸಿದರೆ ಆ ಕ್ಷಣವೇ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ದುಡ್ಡು ಕೊಡಬೇಕಿಲ್ಲ. ಹಗಲು ರಾತ್ರಿ ಇರುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ.

ಇನ್ನೊಂದು. ಶಾಲೆಯ ಬಗ್ಗೆ ಜುಲೈ ಸಂಚಿಕೆಗೆ ಲೇಖನ ಕೊಡುತ್ತೇನೆ ಎಂದು ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಈಗ ಬೇಡ. ದೀಪಾವಳಿ ಕಳೆಯಲಿ, ಆಮೇಲೆ ನಾನೇ ಕೇಳುತ್ತೇನೆ.

- ಸಂಪಾದಕ