ಪ್ರತಿಕ್ರಿಯೆ: ಎರ್ಲಾಂಗ್ ನೋಡ್‌ನ ಗಡಿಯಾರ ಸರ್ವರ್‌ಗಿಂತ ಹಿಂದುಳಿಯುವುದು
ಸರ್ವರ್‌ನ ಲಿನಕ್ಸ್ ಸರಿಯಾದ ಸಮಯ ತೋರಿಸುತ್ತಿದ್ದರೂ ಅದರಲ್ಲಿ ನಡೆಯುವ ಎರ್ಲಾಂಗ್ ನೋಡ್ (ಎರ್ಲಾಂಗ್ ಭಾಷೆಯ ಪ್ರೋಗ್ರಾಂಗಳನ್ನು ನಡೆಸುವ ವ್ಯವಸ್ಥೆ) 40 ನಿಮಿಷ ಹಿಂದಿರುವುದೇಕೆ ಎಂದು ನೀವು ಕೇಳಿದ್ದೀರಿ. ಇದಕ್ಕೆ, ನೋಡ್ ಶುರುವಾದ ಮೇಲೆ ಎನ್‌ಟಿಪಿ (ನೆಟ್‌ವರ್ಕ್ ಮೂಲಕ ಗಡಿಯಾರ ಸರಿಹೊಂದಿಸುವ ವ್ಯವಸ್ಥೆ) ನಿಮ್ಮ ಸರ್ವರ್‌ನ ಸಮಯವನ್ನು ಒಮ್ಮೆಲೇ ಮುಂದಕ್ಕೆ ಜಿಗಿಸಿರುವುದೇ ಬಹುಶಃ ಕಾರಣ. ಡೀಫಾಲ್ಟ್ ಆಗಿರುವ ನೋ ಟೈಮ್ ವಾರ್ಪ್ ಮೋಡ್‌ನಲ್ಲಿ ಎರ್ಲಾಂಗ್ ಹಾಗೆ ಜಿಗಿಯುವುದಿಲ್ಲ. ತನ್ನ ಗಡಿಯಾರವನ್ನು ಹೆಚ್ಚೆಂದರೆ ಶೇ 1ರಷ್ಟು ವೇಗಗೊಳಿಸಿ ಅಂತರವನ್ನು ನಿಧಾನವಾಗಿ ತುಂಬುತ್ತದೆ. ಈ ಲೆಕ್ಕದಲ್ಲಿ 40 ನಿಮಿಷ ಸರಿಹೋಗಲು ಸುಮಾರು 67 ಗಂಟೆ ಬೇಕು.

ಮೊದಲು ಎರ್ಲಾಂಗ್ ಶೆಲ್‌ನಲ್ಲಿ (ಆದೇಶ ಟೈಪ್ ಮಾಡುವ ಕಡೆ) ಓಎಸ್ ಮಾಡ್ಯೂಲಿನ ಸಿಸ್ಟಮ್ ಟೈಮ್‌ನಿಂದ (ಲಿನಕ್ಸ್‌ನ ಸಮಯ) ಎರ್ಲಾಂಗ್ ಮಾಡ್ಯೂಲಿನ ಸಿಸ್ಟಮ್ ಟೈಮನ್ನು (ನೋಡ್‌ನ ಸಮಯ) ಸೆಕೆಂಡುಗಳಲ್ಲಿ ಕಳೆದು ಬರೆದಿಟ್ಟುಕೊಳ್ಳಿ. 10 ನಿಮಿಷ ಬಿಟ್ಟು ಮತ್ತೆ ಕಳೆದಾಗ ಅಂತರ ಸುಮಾರು 6 ಸೆಕೆಂಡು ಇಳಿದಿದ್ದರೆ ಕಾರಣ ಇದೇ. ಇಳಿಯದಿದ್ದರೆ ಕಾರಣ ಬೇರೆ ಇರಬಹುದು.

ತಕ್ಷಣದ ಪರಿಹಾರವೆಂದರೆ ಎನ್‌ಟಿಪಿ ಹೊಂದಿಕೆಯಾಗಿರುವುದನ್ನು ಖಚಿತಪಡಿಸಿಕೊಂಡು ನೋಡನ್ನು ರೀಸ್ಟಾರ್ಟ್ ಮಾಡುವುದು. ಮುಂದೆ ಹೀಗಾಗದಂತೆ ಸಿಸ್ಟಮ್ ಟೈಮ್ ಜಿಗಿಯಲು ಬಿಡುವ ಮಲ್ಟಿ ಟೈಮ್ ವಾರ್ಪ್ ಮೋಡ್‌ನಲ್ಲಿ ನೋಡನ್ನು ಶುರುಮಾಡಿ. ಆದರೆ ಅದಕ್ಕೂ ಮುನ್ನ, ಅವಧಿಯನ್ನು ಅಳೆಯುವ ಕಡೆಯೆಲ್ಲ ಮೊನೊಟೋನಿಕ್ ಟೈಮ್ (ಎಂದೂ ಹಿಂದಕ್ಕೆ ಹೋಗದ ಗಡಿಯಾರ) ಬಳಕೆಯಾಗಿದೆಯೇ, ಸಮಯ ಕೊಡುವ ಹಳೆಯ ನೌ ಫಂಕ್ಷನ್ ಎಲ್ಲಾದರೂ ಉಳಿದಿದೆಯೇ ಎಂದು ದಯವಿಟ್ಟು ಹುಡುಕಿ, ಏಕೆಂದರೆ ಸಿಸ್ಟಮ್ ಟೈಮ್ ಜಿಗಿದಾಗ ಮೊನೊಟೋನಿಕ್ ಟೈಮ್ ಬಳಸದ ಕೋಡ್ ಸದ್ದಿಲ್ಲದೆ ತಪ್ಪು ಲೆಕ್ಕ ಕೊಡುತ್ತದೆ. ನೀವು ಬಳಸುವ ಲೈಬ್ರರಿಗಳು ಇದಕ್ಕೆ ಸಿದ್ಧವಿವೆಯೇ ಎಂಬುದನ್ನು ಅವುಗಳ ಕೋಡ್ ನೋಡದೆ ಹೇಳಲಾಗದು. ಅನುಮಾನವಿದ್ದರೆ ಡೀಫಾಲ್ಟ್ ಮೋಡನ್ನೇ ಉಳಿಸಿಕೊಂಡು, ಎನ್‌ಟಿಪಿ ಹೊಂದಿಕೆಯಾದ ನಂತರವೇ ನೋಡ್ ಶುರುವಾಗುವಂತೆ ಬೂಟ್ ಕ್ರಮವನ್ನು ಬದಲಿಸಿ.