ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಹಿಟ್ಟು

ಪ್ರಶ್ನೆ: ಅಕ್ಕ, ನಾನು ಲೆಕ್ಕ ಪರಿಶೋಧಕರೊಬ್ಬರ ಕಚೇರಿಯಲ್ಲಿದ್ದೇನೆ. ಜಿಎಸ್‌ಟಿ ವಾರ್ಷಿಕ ರಿಟರ್ನ್‌ಗೆ ಡಿಸೆಂಬರ್ 31 ಕೊನೆಯ ದಿನವಾದ್ದರಿಂದ ಕ್ರಿಸ್‌ಮಸ್ ವಾರದಲ್ಲಿ ಮನೆ ಸೇರುವಾಗ ರಾತ್ರಿ ಹತ್ತು ದಾಟಿರುತ್ತದೆ. ಹೆಂಡತಿ ಒಂದು ಕಾದಂಬರಿ ಕೊಟ್ಟಳು. ಸದಾ ಕೆಲಸದಲ್ಲೇ ಮುಳುಗಿದ್ದ ನಾಯಕ ಹಬ್ಬದ ಹಿಂದಿನ ರಾತ್ರಿ ರಾಜೀನಾಮೆ ಕೊಟ್ಟು ಮಕ್ಕಳ ಬಳಿಗೆ ಓಡುತ್ತಾನೆ. ಓದಿ ಸಿಟ್ಟು ಬಂತು. ನನ್ನ ಮನೆ ಸಾಲದ ಕಂತು ಯಾರು ಕಟ್ಟುತ್ತಾರೆ?
– ಓದುಗ, ಕುಲಶೇಖರ, ಮಂಗಳೂರು

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ನಿಮ್ಮ ಹೆಂಡತಿ ಆ ಪುಸ್ತಕ ಕೊಟ್ಟದ್ದು ರಾಜೀನಾಮೆಯ ಆಸೆಯಿಂದ ಎಂದು ನನಗೆ ಅನಿಸುವುದಿಲ್ಲ.

ನಾನು ಬ್ಯಾಂಕಿಗೆ ಸೇರಿದ ಕಾಲದಲ್ಲಿ ವರ್ಷದ ಲೆಕ್ಕ ಮುಗಿಸುತ್ತಿದ್ದದ್ದು ಡಿಸೆಂಬರ್ 31ಕ್ಕೆ. ತಾಳೆಯಾಗದ ಒಂದು ರೂಪಾಯಿಗಾಗಿ ಎರಡು ತಾಸು ಲೆಡ್ಜರ್ ಹುಡುಕಿದ್ದುಂಟು. ಮನೆಯಲ್ಲಿ ಅದೇ ವಾರ ಕ್ರಿಸ್‌ಮಸ್ ತಿಂಡಿಗಳಾದ ಕುಸ್ವಾರ್ ತಯಾರಿ. ಅಕ್ಕಿ ಹಿಟ್ಟಿನ ಸಣ್ಣ ಉಂಡೆಗಳಾದ ಗುಳಿಯೊ ಒಬ್ಬರೇ ಮಾಡಿ ಮುಗಿಸಬಹುದು, ಸುರುಳಿ ತಿಂಡಿ ಕಿಡಿಯೊ ಆಗದು. ಮೈದಾ, ಮೊಟ್ಟೆ, ತೆಂಗಿನ ಹಾಲು ಸೇರಿಸಿ ನಾದಿದ ಹಿಟ್ಟನ್ನು ಪುಟ್ಟ ಪುಟ್ಟ ಉಂಡೆ ಮಾಡಿ, ಬಾಚಣಿಗೆಯ ಮೇಲೆ ಹೆಬ್ಬೆರಳಿನಿಂದ ಒತ್ತಿ ಒಂದೊಂದನ್ನೇ ಸುರುಳಿ ಸುತ್ತಬೇಕು. ಇಡೀ ಮನೆ ಮೇಜಿನ ಸುತ್ತ ಕೂರದೆ ಮುಗಿಯುವ ಕೆಲಸವಲ್ಲ. ಕೈಗೆ ಬಿಡುವಿಲ್ಲ, ಬಾಯಿಗೆ ಬೇರೆ ಕೆಲಸವಿಲ್ಲ. ವರ್ಷವಿಡೀ ಹೇಳದೆ ಉಳಿದ ಮಾತು ಅಲ್ಲಿ ಹೊರಬರುತ್ತದೆ. ದುಬೈಗೆ ಹೊರಟಿದ್ದೇನೆಂದು ನನ್ನ ತಮ್ಮ ಮೊದಲು ಬಾಯಿಬಿಟ್ಟದ್ದು ಆ ಮೇಜಿನಲ್ಲೇ.

ನಾನು ಅಲ್ಲಿರಲಿಲ್ಲ. ಮನೆ ಸೇರಿದಾಗ ಎಲ್ಲರೂ ಮಲಗಿದ್ದರು. ಅಮ್ಮ ಮಾತ್ರ ಎಚ್ಚರವಿದ್ದು, ನಿಂಬೆಹಣ್ಣಿನಷ್ಟು ಹಿಟ್ಟನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ನನಗೆಂದೇ ಎತ್ತಿಟ್ಟಿದ್ದರು. ಹನ್ನೊಂದು ಗಂಟೆಗೆ ನಾವಿಬ್ಬರೇ ಕೂತು ಸುತ್ತಿದೆವು. ತಮ್ಮನ ಸುದ್ದಿಯನ್ನು ಅವರ ಬಾಯಿಂದ ಕೇಳಿದೆ. ಅವನ ಬಾಯಿಂದಲೇ ಕೇಳಬೇಕಿತ್ತೆಂಬ ಸಂಕಟ ಇಂದಿಗೂ ಇದೆ.

ಮರುವರ್ಷ ಮ್ಯಾನೇಜರರ ಬಳಿ ಒಂದೇ ಒಂದು ಸಂಜೆ ಕೇಳಿದೆ: ಐದಕ್ಕೆ ಬಿಡಿ, ನಾಳೆ ಬೆಳಿಗ್ಗೆ ಏಳಕ್ಕೆ ಬರುತ್ತೇನೆ. ಒಪ್ಪಿದರು.

ನೀವೂ ಹಾಗೆಯೇ ಕೇಳಿ. ತಡವಾಗಿ ಬಿಲ್ಲು ಕೊಡುವ ಗಿರಾಕಿಗಳಿಗೆ ಈಗಿನಿಂದಲೇ ಫೋನ್ ಮಾಡಿ. ಕ್ರಿಸ್‌ಮಸ್ ದಿನ ರಜೆ ಹೇಗೂ ಸಿಗುತ್ತದೆ, ಆದರೆ ಅಷ್ಟರಲ್ಲಿ ಕುಸ್ವಾರ್ ತಟ್ಟೆಗಳು ನೆರೆಮನೆಗಳಿಗೂ ಹೋಗಿ ಆಗಿರುತ್ತವೆ. ಕಿಡಿಯೊ ಯಾವ ಸಂಜೆ ಎಂದು ಹೆಂಡತಿಯನ್ನು ಇವತ್ತೇ ಕೇಳಿ, ಆ ಸಂಜೆ ಬರುವಾಗ ದಾರಿಯಲ್ಲಿ ಒಂದು ಹೊಸ ಬಾಚಣಿಗೆ ಕೊಂಡುಬನ್ನಿ.