ಡಿಲನ್ ಚಿತ್ರದ ಕುರಿತ ನಿಮ್ಮ ಲೇಖನ: ಏನು ತೆಗೆಯಬೇಕು, ಏನು ಉಳಿಸಬೇಕು

ಪ್ರಿಯರೇ,

ನಮಸ್ಕಾರ. ಅಮೆರಿಕದ ಹಾಡುಗಾರ ಬಾಬ್ ಡಿಲನ್ ಕುರಿತ ‘ಎ ಕಂಪ್ಲೀಟ್ ಅನ್‌ನೋನ್’ (2024) ಚಿತ್ರದ ಬಗ್ಗೆ ನೀವು ಕಳಿಸಿದ 2,400 ಪದಗಳ ಲೇಖನವನ್ನು ಎರಡು ಸಲ ಓದಿದೆವು. ಈಗಿರುವ ರೂಪದಲ್ಲಿ ಪ್ರಕಟಿಸಲು ಬರುವುದಿಲ್ಲ. ಹಾಗೆಂದು ಎತ್ತಿಡುವ ಬರಹವೂ ಅಲ್ಲ. ಗಾಯಕಿ ಜೋನ್ ಬಯೆಜ್ ಕಾಗದ ನೋಡಿಕೊಂಡು ಹೊಸ ಹಾಡನ್ನು ಎತ್ತಿಕೊಳ್ಳುವ, ಗಿಟಾರ್ ಹಿಡಿದ ಡಿಲನ್ ಅವಳ ದನಿಗೆ ದನಿ ಕೂಡಿಸುವ ದೃಶ್ಯದ ಬಗ್ಗೆ ಹತ್ತು ಸಾಲು ಬರೆದಿದ್ದೀರಿ. ಅಲ್ಲಿ ಹಾಡು ಕಿವಿಗೆ ಬೀಳುತ್ತದೆ. ಉಳಿದ ಲೇಖನವೂ ಆ ಮಟ್ಟಕ್ಕೆ ಏರಬೇಕೆಂದೇ ಇಷ್ಟು ಉದ್ದಕ್ಕೆ ಬರೆಯುತ್ತಿದ್ದೇವೆ.

ಮೊದಲು ಅಳತೆ. ಆರಂಭದ 900 ಪದ ಡಿಲನ್ ಅವರ ಹುಟ್ಟೂರು, ಬಾಲ್ಯ, ಹೆಸರು ಬದಲಿಸಿಕೊಂಡದ್ದಕ್ಕೆ ಹೋಗಿದೆ. ಕೊನೆಯ 600 ಪದ 1966ರ ಬೈಕ್ ಅಪಘಾತ, 2016ರ ನೊಬೆಲ್‌ಗೆ ಹೋಗಿದೆ. ಇವುಗಳಲ್ಲಿ ಹೆಚ್ಚಿನವು ಚಿತ್ರದ ಕಥೆಯಲ್ಲಿಲ್ಲ. ಚಿತ್ರ ಶುರುವಾಗುವುದು 1961ರ ಜನವರಿಯಲ್ಲಿ 19 ವರ್ಷದ ಹುಡುಗ ನ್ಯೂಯಾರ್ಕಿಗೆ ಬಂದಿಳಿದಾಗ. ಮುಗಿಯುವುದು 1965ರ ಜುಲೈನಲ್ಲಿ, ಅಮೆರಿಕದ ನ್ಯೂಪೋರ್ಟ್ ಜಾನಪದ ಸಂಗೀತ ಉತ್ಸವದಲ್ಲಿ ಅವನು ಎಲೆಕ್ಟ್ರಿಕ್ ಗಿಟಾರ್ ಹಿಡಿದು ಹಲವರನ್ನು ಸಿಟ್ಟಿಗೆಬ್ಬಿಸಿದ ಬೆನ್ನಿಗೆ. ಒಟ್ಟು ನಾಲ್ಕೂವರೆ ವರ್ಷ. ಹಾಗೆ ಕತ್ತರಿಸಿಕೊಂಡದ್ದೇ ನಿರ್ದೇಶಕ ಜೇಮ್ಸ್ ಮ್ಯಾಂಗೋಲ್ಡ್ ಮಾಡಿದ ದೊಡ್ಡ ಆಯ್ಕೆ. ಅವರು ಬಿಟ್ಟದ್ದನ್ನೆಲ್ಲ ನೀವು ತುಂಬಿಸಿಕೊಟ್ಟರೆ ಆ ಆಯ್ಕೆ ಓದುಗರಿಗೆ ಕಾಣುವುದೇ ಇಲ್ಲ. ಹಿನ್ನೆಲೆಗೆ 100 ಪದ ಸಾಕು. ಒಟ್ಟು ಲೇಖನ 1,400 ಪದ ಮೀರದಿರಲಿ. ಅದರಲ್ಲಿ ಅರ್ಧ ನ್ಯೂಪೋರ್ಟ್ ರಾತ್ರಿಗೆ, ಕಾಲುಭಾಗ ಹಾಡು ಕಟ್ಟುವ ಬಗೆಗೆ.

ಎರಡನೆಯದು ಹೆಚ್ಚು ಗಂಭೀರ. ತೆರೆಯ ಮೇಲೆ ಕಂಡದ್ದನ್ನು ನಡೆದದ್ದೆಂದೇ ಬರೆದಿದ್ದೀರಿ. ನ್ಯೂಪೋರ್ಟಿನಲ್ಲಿ ಯಾರೋ ‘ಜೂಡಾಸ್!’ (ಯೇಸುವಿಗೆ ಎರಡು ಬಗೆದ ಶಿಷ್ಯನ ಹೆಸರು; ಎಂದರೆ ‘ದ್ರೋಹಿ!’) ಎಂದು ಕೂಗಿದರು ಎನ್ನುತ್ತೀರಿ. ಆ ಕೂಗು ಕೇಳಿದ್ದು 1966ರ ಮೇ 17ರಂದು, ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಫ್ರೀ ಟ್ರೇಡ್ ಹಾಲ್‌ನಲ್ಲಿ. ಚಿತ್ರ ಅದನ್ನು ಹತ್ತು ತಿಂಗಳು ಹಿಂದಕ್ಕೆ, ಕಡಲು ದಾಟಿಸಿ ಅಮೆರಿಕಕ್ಕೆ ತಂದಿದೆ. 1965ರ ಉತ್ಸವದಲ್ಲಿ ಗಾಯಕ ಜಾನಿ ಕ್ಯಾಶ್ ಇರಲೇ ಇಲ್ಲ. ಅವರು ಹಾಡಿದ್ದು ಹಿಂದಿನ ವರ್ಷ. ಸಿಲ್ವಿ ರುಸ್ಸೊ ಎಂಬ ಹೆಸರಿನವರು ಯಾರೂ ಇರಲಿಲ್ಲ. ಅದು ಡಿಲನ್ ಅವರ ಆಗಿನ ಗೆಳತಿ ಸೂಸಿ ರೊಟೊಲೊ ಅವರನ್ನು ನೆನೆದು ಕಟ್ಟಿದ ಪಾತ್ರ. ಹೆಸರು ಬದಲಾದದ್ದು ಡಿಲನ್ ಅವರ ಕೋರಿಕೆಯಂತೆ. ಡಿಲನ್ ಆರಾಧಿಸುತ್ತಿದ್ದ, ಕಾಯಿಲೆಯಿಂದ ಆಸ್ಪತ್ರೆ ಸೇರಿದ್ದ ಹಿರಿಯ ಹಾಡುಗಾರ ವುಡಿ ಗುತ್ರಿಯವರನ್ನು ಮೊದಲ ಸಲ ಕಂಡಾಗ ಪಕ್ಕದಲ್ಲಿ ಇನ್ನೊಬ್ಬ ಹಿರಿಯ ಹಾಡುಗಾರ ಪೀಟ್ ಸೀಗರ್ ಕೂತಿದ್ದರೆಂಬುದೂ ಚಿತ್ರಕಥೆಯ ಕಟ್ಟೋಣ.

ಇವು ಚಿತ್ರದ ತಪ್ಪುಗಳೆಂದು ಪಟ್ಟಿ ಮಾಡಬೇಡಿ. ಹೀಗೆ ಯಾಕೆ ಜೋಡಿಸಿದರು ಎಂದು ಕೇಳಿ. ಹಲವು ಊರು, ಹಲವು ವರ್ಷಗಳಲ್ಲಿ ಹರಡಿದ್ದ ಸಿಟ್ಟನ್ನು ಒಂದೇ ರಾತ್ರಿಗೆ ತಂದು ಸುರಿದರೆ ಕಥೆಗೆ ಬಿಗಿ ಬರುತ್ತದೆ. ಆದರೆ ನ್ಯೂಪೋರ್ಟಿನ ಜನ ನಿಜಕ್ಕಿಂತ ಒರಟಾಗಿ ಕಾಣುತ್ತಾರೆ. ಈ ಲಾಭ ನಷ್ಟವನ್ನು ತೂಗುವುದೇ ವಿಮರ್ಶೆ. ಬರೆಯುವಾಗ ಗೆರೆ ಕಲಸಿಹೋಗದಿರಲು ಕನ್ನಡದಲ್ಲೇ ಒಂದು ಉಪಾಯವಿದೆ. ಒಂದೇ ಪ್ಯಾರಾದಲ್ಲಿ ನೀವು ‘ಅವನು’, ‘ಅವರು’ ಎರಡನ್ನೂ ಬೆರೆಸಿದ್ದೀರಿ. ಪಾತ್ರಕ್ಕೆ ಏಕವಚನ, ಬದುಕಿದ ವ್ಯಕ್ತಿಗೆ ಬಹುವಚನ ಎಂದು ಇಟ್ಟುಕೊಳ್ಳಿ. ‘ಡಿಲನ್ ಹಾಡಿದ’ ಎಂದರೆ ತೆರೆ, ‘ಡಿಲನ್ ಹಾಡಿದರು’ ಎಂದರೆ ಚರಿತ್ರೆ. ಮೊದಲ ಪ್ಯಾರಾದಲ್ಲೇ ಇದನ್ನು ಓದುಗರಿಗೆ ತಿಳಿಸಿಬಿಡಿ.

ಇನ್ನು ‘ಜಾನಪದ ಗಾಯಕ’ ಎಂಬ ಮಾತು. ಡಿಲನ್ ಅವರನ್ನು ನಮ್ಮ ನೀಲಗಾರರಿಗೆ, ಕಂಸಾಳೆಯವರಿಗೆ ಹೋಲಿಸಿದ್ದೀರಿ. ಆಸೆ ಒಳ್ಳೆಯದು, ಹೋಲಿಕೆ ನಿಲ್ಲುವುದಿಲ್ಲ. ನೀಲಗಾರರು ದೀಕ್ಷೆ ಪಡೆದವರು. ಗುರುವಿನ ಜೊತೆ ತಿರುಗಿ, ಹಿಮ್ಮೇಳದಲ್ಲಿ ಸೊಲ್ಲು ಹಿಡಿದು, ಮಂಟೇಸ್ವಾಮಿ ಕಾವ್ಯವನ್ನು ಬಾಯಿಂದ ಬಾಯಿಗೆ ಕಲಿತವರು. ನ್ಯೂಯಾರ್ಕಿನ ಗ್ರೀನಿಚ್ ವಿಲೇಜ್ ಬಡಾವಣೆಯ ಕಾಫಿ ಅಂಗಡಿಗಳಲ್ಲಿ ಹಾಡುತ್ತಿದ್ದವರು ಬಹುಪಾಲು ಓದುಬರಹದ ಹುಡುಗ ಹುಡುಗಿಯರು. ಹಳ್ಳಿಯ ಹಾಡನ್ನು ಗ್ರಾಮಫೋನ್ ತಟ್ಟೆಗಳಿಂದ ಕಲಿತವರು. ಹ್ಯಾರಿ ಸ್ಮಿತ್ 1952ರಲ್ಲಿ 84 ಹಳೆಯ ಧ್ವನಿಮುದ್ರಣಗಳನ್ನು ಒಟ್ಟುಗೂಡಿಸಿ ತಂದ ಸಂಕಲನ ಅವರ ಪಾಲಿಗೆ ಪಠ್ಯಪುಸ್ತಕದಂತಿತ್ತು. ಅದನ್ನು ಜಾನಪದದ ಮರುಹುಟ್ಟು ಎನ್ನಿ, ಜಾನಪದ ಎನ್ನಬೇಡಿ.

ಹೋಲಿಕೆ ಬೇಕೇಬೇಕೆಂದರೆ ನಮ್ಮಲ್ಲೊಂದು ಪದ ಕಾದು ಕೂತಿದೆ: ಮಟ್ಟು. ‘ಇಂಥ ಹಾಡಿನ ಮಟ್ಟು’ ಎಂದು ಮೇಲೆ ಬರೆದು ಕೆಳಗೆ ಹೊಸ ಮಾತು ಕೂರಿಸುವುದು ನಮ್ಮ ರಂಗಗೀತೆಗೆ, ತತ್ವಪದಕ್ಕೆ, ಹೋರಾಟದ ಹಾಡಿಗೆ ಹೊಸದಲ್ಲ. ಡಿಲನ್ ಅವರೂ ಮಾಡಿದ್ದು ಅದನ್ನೇ. ‘ಬ್ಲೋಯಿನ್ ಇನ್ ದ ವಿಂಡ್’ ಅನ್ನು ನೀವು ‘ಸಂಪೂರ್ಣ ಸ್ವಂತ ಸೃಷ್ಟಿ’ ಎಂದಿದ್ದೀರಿ. ಅದರ ಮಟ್ಟು ಬಂದದ್ದು ಗುಲಾಮಗಿರಿಯ ಕಾಲದ ಕಪ್ಪು ಜನರ ‘ನೋ ಮೋರ್ ಆಕ್ಷನ್ ಬ್ಲಾಕ್’ ಹಾಡಿನಿಂದ. ಆಸ್ಪತ್ರೆಯಲ್ಲಿ ಹುಡುಗ ಹಾಡುವ ‘ಸಾಂಗ್ ಟು ವುಡಿ’ಯ ಮಟ್ಟು ಗುತ್ರಿಯವರ ‘1913 ಮ್ಯಾಸಕರ್’ನದು. ಅಂದರೆ ಮಾತು ನಿಂತುಹೋದ ಹಿರಿಯನ ಎದುರು ಕೂತು, ಅವನದೇ ಮಟ್ಟನ್ನು ಅವನಿಗೇ ಕೇಳಿಸುತ್ತಿದ್ದಾನೆ. ಇದನ್ನು ತಿಳಿದು ನೋಡಿದರೆ ಆ ದೃಶ್ಯ ಬೇರೆಯೇ ಆಗುತ್ತದೆ. ನಿಮ್ಮ ಲೇಖನದಲ್ಲಿ ಅದಕ್ಕೆ ಸಿಕ್ಕಿರುವುದು ಒಂದೂವರೆ ಸಾಲು. ಜೊತೆಗೆ ಇದನ್ನೂ ಸೇರಿಸಿ: 1962ರ ಮಾರ್ಚಿನಲ್ಲಿ ಬಂದ ಅವರ ಮೊದಲ ಆಲ್ಬಂನ 13 ಹಾಡುಗಳಲ್ಲಿ ಸ್ವಂತದ್ದು ಎರಡೇ. 14 ತಿಂಗಳ ನಂತರದ ಎರಡನೆಯದರಲ್ಲಿ ಹೆಚ್ಚಿನವು ಸ್ವಂತದವು. ಹಾಡು ಎಲ್ಲರದೋ, ಕಟ್ಟಿದವನದೋ ಎಂಬ ಜಗಳದ ಬೇರು ಇಲ್ಲಿದೆ.

ಈಗ ನ್ಯೂಪೋರ್ಟ್. ‘ಸಂಪ್ರದಾಯವಾದಿಗಳು ಪ್ರತಿಭೆಯನ್ನು ಅರಿಯಲಿಲ್ಲ’ ಎಂದು ಒಂದೇ ವಾಕ್ಯದಲ್ಲಿ ಮುಗಿಸಿದ್ದೀರಿ. ಸಿಟ್ಟಾದವರಿಗೆ ಇದು ಅನ್ಯಾಯ. 1963ರ ಅದೇ ಉತ್ಸವದಲ್ಲಿ ಡಿಲನ್, ಬಯೆಜ್, ಸೀಗರ್ ಮತ್ತು ಇತರರು ಒಟ್ಟಿಗೆ ನಿಂತು ‘ವಿ ಶಲ್ ಓವರ್‌ಕಮ್’ ಹಾಡಿದ್ದರು. ನಮ್ಮ ಹೋರಾಟಗಳಲ್ಲಿ, ಶಾಲೆಗಳಲ್ಲಿ ‘ಗೆದ್ದೇ ಗೆಲ್ಲುವೆವು ಒಂದು ದಿನ’ ಎಂದು ಹಾಡುವುದು ಅದನ್ನೇ. ಆ ಹಾಡನ್ನು ಲೋಕಕ್ಕೆ ಹಬ್ಬಿಸಿದವರಲ್ಲಿ ಸೀಗರ್ ಮುಖ್ಯರು. ಕನ್ನಡ ಓದುಗರಿಗೆ ಸೀಗರ್ ಯಾರೆಂದು ಹೇಳಲು ಇದಕ್ಕಿಂತ ಹತ್ತಿರದ ದಾರಿಯಿಲ್ಲ, ನೀವು ಬಿಟ್ಟಿದ್ದೀರಿ. ಹಾಗೆ ಸಾಲಾಗಿ ನಿಂತು ಹಾಡಿದ ಹುಡುಗ ಎರಡೇ ವರ್ಷದಲ್ಲಿ, 1965ರ ಜುಲೈ 25ರ ಭಾನುವಾರ ರಾತ್ರಿ, ಎಲೆಕ್ಟ್ರಿಕ್ ಗಿಟಾರ್ ಹೊತ್ತು ಬಂದರೆ ಎದೆ ಚುರ್ ಎನ್ನದೆ ಇದ್ದೀತೆ?

ಇದರ ಜೊತೆಗೆ ಶಬ್ದದ ಸಂಗತಿಯೂ ಇದೆ. ಆ ವೇದಿಕೆಯ ಧ್ವನಿವರ್ಧಕ ವ್ಯವಸ್ಥೆ ಮುಖ್ಯವಾಗಿ ಒಂದು ದನಿ, ಒಂದು ಗಿಟಾರ್‌ಗೆ ಒಗ್ಗಿದ್ದು. ಅದರ ಮೇಲೆ ಡ್ರಮ್, ಬೇಸ್, ಆರ್ಗನ್, ಮೈಕ್ ಬ್ಲೂಮ್‌ಫೀಲ್ಡ್ ಅವರ ಗಿಟಾರ್ ಒಮ್ಮೆಗೇ ಬಿದ್ದವು. ಮಾತು ಮುಳುಗಿತು. ಸೀಗರ್ ಕೊಡಲಿ ಹಿಡಿದು ತಂತಿ ಕಡಿಯಲು ಹೋದರೆಂಬುದು ದಂತಕಥೆ. ಕೊಡಲಿ ಇದ್ದಿದ್ದರೆ ಕಡಿಯುತ್ತಿದ್ದೆ ಎಂದದ್ದುಂಟು, ಹಾಡಿನ ಮಾತು ಕೇಳುತ್ತಿರಲಿಲ್ಲ ಎಂಬುದೇ ತಮ್ಮ ಸಿಟ್ಟು ಎಂದು ಅವರೇ ಮುಂದೆ ಹೇಳಿದರು. ಬ್ಯಾಂಡ್ ಜೊತೆಗಿನ ಹಾಡು ಮೂರೇ. ಅಷ್ಟಕ್ಕೇ ಮುಗಿಸಿದ್ದೂ ಕೂಗಾಟಕ್ಕೆ ಒಂದು ಕಾರಣ. ನಂತರ ಅವರು ಸಾದಾ ಗಿಟಾರ್ ಹಿಡಿದು ಮರಳಿ ಬಂದು ಎರಡು ಹಾಡು ಹಾಡಿದರು. ಈ ಕಾರಣಗಳನ್ನು ಬೇರೆಬೇರೆಯಾಗಿ ಬಿಡಿಸಿಟ್ಟು, ಚಿತ್ರ ಯಾವುದನ್ನು ಎತ್ತಿ ಹಿಡಿಯುತ್ತದೆ ನೋಡಿ. ಆ ಭಾಗವನ್ನು ಮೂರು ಸಲ ನೋಡಿ: ಒಮ್ಮೆ ಕಣ್ಣು ಮುಚ್ಚಿ ಕೇಳಿ, ಒಮ್ಮೆ ಶಬ್ದ ಪೂರ್ತಿ ಇಳಿಸಿ ಸೀಗರ್ ಮುಖವನ್ನಷ್ಟೇ ನೋಡಿ, ಮೂರನೆಯ ಸಲ ಗಡಿಯಾರ, ಪೆನ್ನು ಹಿಡಿದು ಯಾರ ಮುಖ ಎಷ್ಟು ಹೊತ್ತು ತೆರೆಯ ಮೇಲಿದೆ ಬರೆದುಕೊಳ್ಳಿ.

‘ತುಟಿ ಚಲನೆ ಹಾಡಿಗೆ ಕರಾರುವಾಕ್ಕಾಗಿ ಹೊಂದುತ್ತದೆ’ ಎಂಬ ನಿಮ್ಮ ಹೊಗಳಿಕೆಯನ್ನು ತೆಗೆಯಲೇಬೇಕು. ಹೊಂದಿಸುವ ಮಾತೇ ಇಲ್ಲ: ಡಿಲನ್ ಪಾತ್ರದ ಟಿಮೊಥಿ ಶಾಲಮೇ ತಾವೇ ಹಾಡಿ, ಗಿಟಾರ್, ಮೌತ್ ಆರ್ಗನ್ ನುಡಿಸಿದ್ದಾರೆ, ಬಹುಪಾಲು ಚಿತ್ರೀಕರಣದ ಜಾಗದಲ್ಲೇ ದಾಖಲಾದದ್ದು. ಬಯೆಜ್ ಪಾತ್ರದ ಮೋನಿಕಾ ಬಾರ್ಬರೊ, ಸೀಗರ್ ಪಾತ್ರದ ಎಡ್ವರ್ಡ್ ನಾರ್ಟನ್ ಕೂಡ ತಾವೇ ಹಾಡಿದವರು. ‘ಮಧುರ ಕಂಠ’ ಎಂಬುದೂ ಬೇಡ. ಡಿಲನ್ ದನಿ ಮೂಗಿನಲ್ಲಿ ಹೊರಡುವ, ಮರಳು ಉಜ್ಜಿದಂಥ ದನಿ. ಬಯೆಜ್ ಅವರದು ಮೇಲೇರಿ ಕಂಪಿಸುವ ದನಿ. ಇಬ್ಬರಿಗೂ ಒಂದೇ ವಿಶೇಷಣ ಹಾಕಿದರೆ ಕೇಳಿಯೇ ಇಲ್ಲ ಎಂದಾಗುತ್ತದೆ.

ಹಾಡುಗಳ ಅನುವಾದ. ಮೂರು ಹಾಡುಗಳನ್ನು ಪೂರ್ತಿ ಕನ್ನಡಿಸಿದ್ದೀರಿ. ಪೂರ್ತಿ ಹಾಡಿನ ಅನುವಾದ ಪ್ರಕಟಿಸಲು ಹಕ್ಕುದಾರರ ಅನುಮತಿ ಬೇಕು. ವಿಮರ್ಶೆಗೆ ಅಗತ್ಯವಾದ ಒಂದೆರಡು ಸಾಲನ್ನು ಮೂಲ ಹೇಳಿ ಬಳಸಬಹುದು, ಅಷ್ಟೇ. ಭಾಷೆಯೂ ಬದಲಾಗಬೇಕು. ‘ಮಾರುತದಲಿ ವಿಲೀನವಾಗಿದೆ ಉತ್ತರ’ ಎಂದು ಬರೆದಿದ್ದೀರಿ. ಮೂಲದಲ್ಲಿರುವುದು ಬರೀ ಗಾಳಿ, ಚಿಕ್ಕ ಮಕ್ಕಳೂ ಆಡುವ ಮಾತು. ಅನುವಾದಿಸಿದ ಸಾಲನ್ನು ಗಟ್ಟಿಯಾಗಿ ಹಾಡಿ ನೋಡಿ; ಉಸಿರು ಸಿಕ್ಕಿಕೊಂಡ ಕಡೆ ಪದ ಬದಲಿಸಿ.

ಹೆಸರುಗಳು: ಡೈಲಾನ್ ಅಲ್ಲ, ಡಿಲನ್, ಚಲಮೆಟ್ ಅಲ್ಲ, ಶಾಲಮೇ. ಚಿತ್ರಕ್ಕೆ ಆಸ್ಕರ್ ಬಂತೆಂದಿದ್ದೀರಿ. ಎಂಟು ನಾಮನಿರ್ದೇಶನವಾಗಿದ್ದವು, ಒಂದೂ ಬರಲಿಲ್ಲ.

ಲೇಖನವನ್ನು ನೊಬೆಲ್‌ನಿಂದಲ್ಲ, ಚಿತ್ರದ ಕೊನೆಯ ಆಸ್ಪತ್ರೆಯ ದೃಶ್ಯದಿಂದ ಮುಗಿಸಿ. ಡಿಲನ್ ಮೌತ್ ಆರ್ಗನ್ ಮರಳಿಸಲು ಹೋಗುತ್ತಾನೆ, ಗುತ್ರಿ ಅದನ್ನು ಅವನತ್ತಲೇ ತಳ್ಳುತ್ತಾನೆ. 1965ರ ಹೊತ್ತಿಗೆ ಗುತ್ರಿಯವರು ನ್ಯೂಜೆರ್ಸಿಯ ಆ ಆಸ್ಪತ್ರೆ ಬಿಟ್ಟು ಬ್ರೂಕ್ಲಿನ್‌ಗೆ ಬಂದಿದ್ದರೆಂಬುದನ್ನೂ ಅಲ್ಲೇ ಒಂದು ಸಾಲಿನಲ್ಲಿ ಹೇಳಿ. ತಿದ್ದಿದ ಪ್ರತಿಗೆ ಎದುರು ನೋಡುತ್ತೇವೆ.

ಇತಿ,
ಸಂಪಾದಕ ಬಳಗ